ನೆರಿಗೆಗೂ ಒಂದು ಲೆಕ್ಕವಿದೆ

ಸಿದ್ಧ ಉಡುಪು ತಯಾರಿಕೆಯಲ್ಲಿ ತೊಡಗಿರುವ ಸಣ್ಣ ಘಟಕಗಳ ಸ್ಥಿತಿಯನ್ನು ಅರಿಯಬೇಕಾದರೆ ಅವುಗಳ ದರಪಟ್ಟಿಯನ್ನು ನೋಡಿದರೆ ಸಾಕು. ಒಂದೇ ಕೈಗಾರಿಕಾ ಪ್ರದೇಶದಲ್ಲಿ, ಒಂದೇ ಬಗೆಯ ಯಂತ್ರಗಳ ಮೇಲೆ, ಒಂದೇ ಸಗಟು ಅಂಗಡಿಯಿಂದ ತಂದ ಬಟ್ಟೆಯಲ್ಲಿ ಒಂದೇ ನಮೂನೆಯ ಉಡುಪನ್ನು ಹೊಲಿಯುವ ಹತ್ತು ಘಟಕಗಳ ನಡುವೆ ಉಳಿಯುವ ವ್ಯತ್ಯಾಸವೆಂದರೆ ಬೆಲೆಯೊಂದೇ. ಒಂದು ರೂಪಾಯಿ ಕಡಿಮೆ ಹೇಳಿದವರಿಗೆ ಆರ್ಡರು ದೊರೆಯುತ್ತದೆ. ಮರುವರ್ಷ ಮತ್ತೊಂದು ರೂಪಾಯಿ ಕಡಿಮೆ ಹೇಳುವವರು ಹುಟ್ಟಿಕೊಂಡಾಗ ಆ ಆರ್ಡರೂ ಕೈತಪ್ಪುತ್ತದೆ. ಜಾಗತಿಕ ಜವಳಿ ವ್ಯಾಪಾರದ ಕೋಟಾ ವ್ಯವಸ್ಥೆಯು 2005ರ ಜನವರಿ 1ರಂದು ಕೊನೆಗೊಂಡ ಮೇಲೆ ಈ ಪೈಪೋಟಿ ಊರುಗಳ ನಡುವಿನದಾಗಿ ಉಳಿಯದೆ ದೇಶಗಳ ನಡುವಿನದಾಯಿತು. 2025ರ ಆಗಸ್ಟ್‌ನಲ್ಲಿ ಅಮೆರಿಕವು ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ. 50ಕ್ಕೆ ಏರಿಸಿದಾಗ, ಬೆಲೆಯೊಂದನ್ನೇ ನೆಚ್ಚಿದ ವ್ಯಾಪಾರವು ಎಷ್ಟು ಬೇಗ ಅಲುಗಾಡುತ್ತದೆ ಎಂಬುದು ರಫ್ತುದಾರರಿಗೂ ಅವರಿಗೆ ಜಾಬ್‌ವರ್ಕ್ ಮಾಡಿಕೊಡುವ ಸಣ್ಣ ಘಟಕಗಳಿಗೂ ಮನದಟ್ಟಾಯಿತು.

ಈ ಹಗ್ಗಜಗ್ಗಾಟದಿಂದ ಹೊರಬರುವ ದಾರಿಗಳು ಹಲವು. ಅವುಗಳಲ್ಲಿ ದೊಡ್ಡ ಬಂಡವಾಳವನ್ನು ಬೇಡದ ದಾರಿಯೊಂದರ ಕಡೆಗೆ ಉದ್ದಿಮೆದಾರರ ಗಮನ ಸಾಕಷ್ಟು ಹರಿದಿಲ್ಲ. ಅದು ಬಟ್ಟೆಯನ್ನು ಮಡಿಸಿ, ಹಿಡಿದು, ಸುಕ್ಕಿಸಿ ಅದಕ್ಕೆ ಹೊಸ ರೂಪ ಕೊಡುವ ಕೌಶಲ. ಆಡುಮಾತಿನಲ್ಲಿ ಹೇಳುವುದಾದರೆ ನೆರಿಗೆ, ಟಕ್, ಫ್ರಿಲ್, ಸ್ಮಾಕಿಂಗ್ ಮುಂತಾದ ಕೆಲಸ. ಇವನ್ನು ಅಲಂಕಾರವೆಂದು ಬಗೆದು ಕೊನೆಗಳಿಗೆಯಲ್ಲಿ ಸೇರಿಸಿದವರು ಕೈಸುಟ್ಟುಕೊಂಡಿರುವುದುಂಟು. ಇವನ್ನು ತಯಾರಿಕೆಯ ಒಂದು ಪ್ರಕ್ರಿಯೆಯೆಂದು ತಿಳಿದು, ಅದರ ಪ್ರಯೋಗಕ್ಕಾಗಿ ಬಟ್ಟೆಯನ್ನೂ ಸಮಯವನ್ನೂ ಎತ್ತಿಟ್ಟು, ಫಲಿತಾಂಶವನ್ನು ಬರೆದಿಟ್ಟು, ಆಮೇಲೆ ಬೆಲೆ ಕಟ್ಟಿದವರಿಗೆ ಮಾತ್ರ ಇದರಿಂದ ಲಾಭ ದೊರೆಯುತ್ತದೆ.

ಹೊಸ ವಿದ್ಯೆಯಲ್ಲ

ನೆರಿಗೆಯು ಹೊರಗಿನಿಂದ ಬಂದ ಫ್ಯಾಷನ್ ಎಂಬ ಭಾವನೆ ಸರಿಯಲ್ಲ. ಲಂಡನ್ನಿನ ಪೆಟ್ರಿ ವಸ್ತುಸಂಗ್ರಹಾಲಯದಲ್ಲಿರುವ, ಈಜಿಪ್ಟಿನ ತರ್ಖಾನ್ ಎಂಬಲ್ಲಿ ದೊರೆತ ನಾರುಬಟ್ಟೆಯ ಉಡುಪಿನ ತೋಳು ಹಾಗೂ ಭುಜದ ಭಾಗಗಳಲ್ಲಿ ಸಣ್ಣ ಸಣ್ಣ ನೆರಿಗೆಗಳಿವೆ. ಅದರ ವಯಸ್ಸು 5,000 ವರ್ಷಗಳಿಗೂ ಮಿಗಿಲು. ಕರ್ನಾಟಕದಲ್ಲಿ ಹೊಲಿಗೆಯ ಹಂಗಿಲ್ಲದೆ ಸುಮಾರು ಐದೂವರೆ ಮೀಟರ್ ಸೀರೆಯನ್ನು ಬೆರಳುಗಳ ನಡುವೆ ಅಳೆದು ಉಡುಪಾಗಿಸುವ ನೆರಿಗೆ ಮನೆಮನೆಯ ವಿದ್ಯೆ. ಭರತನಾಟ್ಯದ ಉಡುಪಿನಲ್ಲಿ ಬೀಸಣಿಗೆಯಂತೆ ತೆರೆದು ಮುಚ್ಚುವ ನೆರಿಗೆಯನ್ನು ದರ್ಜಿಗಳು ಹೊಲಿದು ಕೊಡುತ್ತ ಬಂದಿದ್ದಾರೆ. ಮೈಸೂರು ಪೇಟದ ಸೊಬಗು ಇರುವುದೂ ಅದರ ಮಡಿಕೆಗಳಲ್ಲಿಯೇ. ಉತ್ತರ ಕರ್ನಾಟಕದ ಕೌದಿಯಲ್ಲಿ ಹಳೆಯ ಸೀರೆ, ಧೋತರಗಳ ಪದರಗಳ ಮೇಲೆ ಸಾಲುಹೊಲಿಗೆ ಓಡಿದಾಗ ಬಟ್ಟೆಯ ಮೈ ಅಲೆಯಲೆಯಾಗಿ ಏಳುತ್ತದೆ. ಮೈಸೂರು ರೇಷ್ಮೆಯ ಕ್ರೇಪ್ ಬಟ್ಟೆಯಲ್ಲಂತೂ ಈ ಕೆಲಸ ನೂಲಿನಲ್ಲಿಯೇ ಆರಂಭವಾಗುತ್ತದೆ. ಎಡಕ್ಕೂ ಬಲಕ್ಕೂ ಬಿಗಿಯಾಗಿ ಹುರಿ ಮಾಡಿದ ಎಳೆಗಳು, ನೇಯ್ದ ಬಟ್ಟೆಯ ಅಂಟನ್ನು ತೆಗೆಯುವಾಗ ಸೆಟೆದು ಕುಗ್ಗುವುದರಿಂದಲೇ ಅದಕ್ಕೆ ಆ ಮೃದುವಾದ ತರಿತರಿ ಬರುತ್ತದೆ.

ಇವೆಲ್ಲಕ್ಕಿಂತ ಸಣ್ಣ ಉದ್ದಿಮೆದಾರರಿಗೆ ಹೆಚ್ಚು ಪಾಠ ಕಲಿಸಬಲ್ಲದ್ದು ಹೆಣ್ಣುಮಕ್ಕಳ ಲಂಗ. ಲಂಗದ ಅಂಚಿನ ಮೇಲೆ ಎರಡು ಮೂರು ಟಕ್ ಹಿಡಿಸಿ, ಮಗು ಬೆಳೆದಂತೆ ಒಂದೊಂದನ್ನೇ ಬಿಚ್ಚಿಸುವ ಪದ್ಧತಿ ಹಳ್ಳಿ ಪಟ್ಟಣಗಳೆರಡರಲ್ಲೂ ಇತ್ತು. ಆ ಟಕ್ ನೋಟಕ್ಕೂ ಚೆಂದ, ಉಪಯೋಗಕ್ಕೂ ಒದಗುವಂಥದು. ಕೊಳ್ಳುವವರ ಜೇಬಿಗೆ ಎರಡು ವರ್ಷದ ಉಳಿತಾಯ, ಹೊಲಿಯುವವರಿಗೆ ಒಂದಿಷ್ಟು ಹೆಚ್ಚಿನ ಮಜೂರಿ. ಮಡಿಕೆಯೊಂದು ಗಿರಾಕಿಯ ಯಾವುದಾದರೊಂದು ಅಗತ್ಯವನ್ನು ಪೂರೈಸಿದಾಗ ಅದಕ್ಕೆ ಬೆಲೆ ಕೇಳುವುದು ಕಷ್ಟವಾಗುವುದಿಲ್ಲ ಎಂಬ ಸರಳ ಸತ್ಯ ಅದರಲ್ಲಿದೆ. ಆದರೆ ಇಂಥ ಅರಿವೆಲ್ಲ ಕೈಗಳಲ್ಲಿ ಉಳಿದಿದೆಯೇ ಹೊರತು ಘಟಕಗಳ ಲೆಕ್ಕದ ಪುಸ್ತಕಕ್ಕೆ ಬಂದಿಲ್ಲ. ನುರಿತ ದರ್ಜಿ ಕೆಲಸ ಬಿಟ್ಟ ದಿನ ಆ ವಿದ್ಯೆಯೂ ಘಟಕವನ್ನು ಬಿಟ್ಟು ಹೋಗುತ್ತದೆ.

ಬಟ್ಟೆಯ ಗುಣ ಅರಿಯದ ನೆರಿಗೆ

ನೆರಿಗೆ ನಿಲ್ಲುವುದೂ ಅಳಿಯುವುದೂ ದರ್ಜಿಯ ಕೈಗಿಂತ ಹೆಚ್ಚಾಗಿ ನೂಲಿನ ಗುಣವನ್ನು ಅವಲಂಬಿಸಿದೆ. ಪಾಲಿಯೆಸ್ಟರ್ ಶಾಖಕ್ಕೆ ಮೆತ್ತಗಾಗಿ, ಆರಿದಾಗ ಆಗಿನ ಆಕಾರದಲ್ಲಿಯೇ ಗಟ್ಟಿಯಾಗುವ ನೂಲು. ಆದುದರಿಂದ ಅದರಲ್ಲಿ ಶಾಖದಿಂದ ಕೂರಿಸಿದ ನೆರಿಗೆ ಅನೇಕ ಒಗೆತಗಳ ನಂತರವೂ ಉಳಿಯುತ್ತದೆ. ಹತ್ತಿಯ ಸ್ಥಿತಿ ಬೇರೆ. ಇಸ್ತ್ರಿಯಿಂದ ಅದರಲ್ಲಿ ಮೂಡಿದ ಗೆರೆ ನೀರು ತಗುಲಿದೊಡನೆ ಸಡಿಲುತ್ತದೆ. ಹತ್ತಿಯಲ್ಲಿ ನೆರಿಗೆ ಉಳಿಯಬೇಕಾದರೆ ಅದನ್ನು ಹೊಲಿದು ಹಿಡಿಯಬೇಕು, ಇಲ್ಲವೇ ರಾಳದ ಲೇಪನ ಕೊಟ್ಟು ಕಾಯಿಸಬೇಕು. ಜೀನ್ಸ್ ಬಟ್ಟೆಯ ಮೇಲೆ ತೊಡೆಯ ಬಳಿ ಕಾಣುವ ಕಾಯಂ ಸುಕ್ಕುಗಳನ್ನು ಮೂಡಿಸುವ ಒಂದು ಕ್ರಮವೂ ಇದೇ. ಇಂಥ ರಾಳಗಳಲ್ಲಿ ಹಲವು ಫಾರ್ಮಾಲ್ಡಿಹೈಡ್ ಆಧಾರಿತವಾದುವು. ಮಕ್ಕಳ ಉಡುಪಿನಲ್ಲಿ ಇವುಗಳ ಬಳಕೆಗೆ ವಿದೇಶೀ ಖರೀದಿದಾರರು ಕಟ್ಟುನಿಟ್ಟಿನ ಮಿತಿ ವಿಧಿಸುವುದನ್ನು ಮರೆಯುವಂತಿಲ್ಲ. ಉಣ್ಣೆಯನ್ನು ಹಬೆ ಮತ್ತು ರಾಸಾಯನಿಕಗಳ ನೆರವಿನಿಂದ ಕೂರಿಸಬಹುದು. ಮಿಶ್ರ ಬಟ್ಟೆಯಲ್ಲಿ ಪಾಲಿಯೆಸ್ಟರ್ ಪಾಲು ಅರ್ಧಕ್ಕಿಂತ ಹೆಚ್ಚಿದ್ದಷ್ಟೂ ನೆರಿಗೆ ಬಾಳುವ ಭರವಸೆ ಹೆಚ್ಚು. ಶಾಲಾ ಸಮವಸ್ತ್ರಕ್ಕೆ ಟೆರಿಕಾಟ್ ಬಟ್ಟೆ ಒಗ್ಗಿದ್ದಕ್ಕೆ ಇದೂ ಒಂದು ಕಾರಣ.

ಶಾಖ ಹೆಚ್ಚಿದಷ್ಟೂ ಒಳ್ಳೆಯದು ಎಂಬ ತಿಳಿವಳಿಕೆಯೂ ಅಪಾಯಕಾರಿ. ಪಾಲಿಯೆಸ್ಟರಿಗೆ ಹಾಕುವ ಬಣ್ಣಗಳು ಹೆಚ್ಚಿನ ಶಾಖದಲ್ಲಿ ಆವಿಯಾಗಿ ಪಕ್ಕದ ಬಟ್ಟೆಗೆ ಅಂಟಬಲ್ಲವು. ಕಡುನೀಲಿ ಸ್ಕರ್ಟಿಗೆ ಸೇರಿಸಿದ ಬಿಳಿಯ ಪಟ್ಟಿ ನೆರಿಗೆಯ ಯಂತ್ರದಿಂದ ಹೊರಬರುವಾಗ ಮಾಸಿದ ನೀಲಿಯಾಗಿರುವುದು ಇದೇ ಕಾರಣದಿಂದ. ಕಾದ ಬಟ್ಟೆಯನ್ನು ಆರುವ ಮೊದಲೇ ಅಚ್ಚಿನಿಂದ ತೆಗೆದರೆ ನೆರಿಗೆ ಸರಿಯಾಗಿ ಕೂರುವುದಿಲ್ಲ. ಹಾಸಿನ ಎಳೆಗೆ ಓರೆಯಾಗಿ ಮಡಿಸಿದರೆ ಉಡುಪು ತಿರುಚಿಕೊಂಡು ಇಳಿಬೀಳುತ್ತದೆ. ಸ್ಕರ್ಟಿನ ಕೆಳಅಂಚನ್ನು ನೆರಿಗೆ ಕೂರಿಸಿದ ಮೇಲೆ ಮಡಿಸಿ ಹೊಲಿದರೆ ಗೆರೆಗಳು ಅಂಚಿನಲ್ಲಿ ಮೊಂಡಾಗುತ್ತವೆ. ಆದುದರಿಂದ ಅಂಚಿನ ಕೆಲಸ ಮೊದಲು, ನೆರಿಗೆ ಆಮೇಲೆ. ಎರಡು ತುಂಡುಗಳ ಜೋಡಣೆ ಯಾವಾಗಲೂ ಮಡಿಕೆಯ ಒಳಗೆ ಅಡಗಬೇಕು. ಇವು ಯಾವುವೂ ಗುಟ್ಟಿನ ಸಂಗತಿಗಳಲ್ಲ. ಆದರೆ ಸಾವಿರ ಉಡುಪು ಕತ್ತರಿಸಿದ ಮೇಲೆ ತಿಳಿದುಬಂದರೆ ಇವುಗಳಲ್ಲಿ ಒಂದೊಂದಕ್ಕೂ ತೆರುವ ದಂಡ ದೊಡ್ಡದು.

ಬಟ್ಟೆ, ಶಾಖ, ನಿಮಿಷ

ನೆರಿಗೆಯ ಉಡುಪಿಗೆ ಬೆಲೆ ಕಟ್ಟುವಾಗ ಬಟ್ಟೆ, ಶಾಖ, ನಿಮಿಷ ಎಂಬ ಮೂರು ಬಾಬ್ತುಗಳನ್ನು ಬೇರೆಬೇರೆಯಾಗಿ ಬರೆಯಬೇಕು. ಉದಾಹರಣೆಗೆ 60 ಸೆಂ.ಮೀ. ಸೊಂಟದ ಶಾಲಾ ಸ್ಕರ್ಟನ್ನು ತೆಗೆದುಕೊಳ್ಳಬಹುದು. ಹೊರಗೆ 5 ಸೆಂ.ಮೀ. ಕಾಣುವ 12 ನೆರಿಗೆಗಳು. ಪೂರ್ಣ ಆಳದ ನೆರಿಗೆಯಾದರೆ ಪ್ರತಿಯೊಂದರ ಒಳಗೆ 10 ಸೆಂ.ಮೀ. ಬಟ್ಟೆ ಅಡಗುತ್ತದೆ. ಅಂದರೆ ಒಟ್ಟು 180 ಸೆಂ.ಮೀ., ಸೊಂಟದ ಅಳತೆಯ ಮೂರು ಪಟ್ಟು. ಒಳಗಿನ ಭಾಗವನ್ನು 6 ಸೆಂ.ಮೀ.ಗೆ ಇಳಿಸಿದರೆ ಬೇಕಾಗುವುದು 132 ಸೆಂ.ಮೀ. ಮಾತ್ರ. 58 ಅಂಗುಲ, ಎಂದರೆ ಸುಮಾರು 147 ಸೆಂ.ಮೀ. ಪನ್ನದ ಬಟ್ಟೆಯಲ್ಲಿ ಎರಡನೆಯ ಸ್ಕರ್ಟು ಒಂದೇ ಪನ್ನದಲ್ಲಿ ಮುಗಿಯುತ್ತದೆ. ಮೊದಲನೆಯದಕ್ಕೆ ಸುಮಾರು ಒಂದೂಕಾಲು ಪನ್ನ ಬೇಕು, ಜೊತೆಗೆ ಒಂದು ಜೋಡಣೆ ಹೆಚ್ಚು. ಸ್ಕರ್ಟಿಗೆ 50 ಸೆಂ.ಮೀ. ಉದ್ದ ಕತ್ತರಿಸುವುದಾದರೆ ಸಾವಿರ ಸ್ಕರ್ಟುಗಳಿಗೆ ಒಂದರಲ್ಲಿ ಸುಮಾರು 625 ಮೀಟರ್, ಇನ್ನೊಂದರಲ್ಲಿ 500 ಮೀಟರ್ ಬಟ್ಟೆ ಸಾಕು. ಮೀಟರಿಗೆ 120 ರೂ. ಎಂದು ಹಿಡಿದರೆ ವ್ಯತ್ಯಾಸ 15,000 ರೂ.

ಹಾಗೆಂದು ಆಳ ಕಡಿಮೆ ಮಾಡಿಬಿಡುವುದೇ ಜಾಣತನವಲ್ಲ. ಆಳವಿಲ್ಲದ ನೆರಿಗೆ ಮಗು ಕುಳಿತಾಗ ಬಾಯಿಬಿಟ್ಟು ನಿಲ್ಲಬಹುದು, ಓಡಿದಾಗ ಬಿಗಿಯಬಹುದು. ಯಾವ ಆಳ ಸಾಕು ಎಂಬುದನ್ನು ಕಾಗದದ ಮೇಲಿನ ಲೆಕ್ಕ ಹೇಳಲಾರದು; ಬಟ್ಟೆಯನ್ನೇ ಮಡಿಸಿ, ಹೊಲಿದು, ಒಗೆದು, ತೊಡಿಸಿ ನೋಡಬೇಕು. ಅರ್ಧ ಮೀಟರಿನ 20 ನಮೂನೆಗಳನ್ನು ಮಾಡಿ ನೋಡಿದರೆ ಹಿಡಿಯುವ ಬಟ್ಟೆ 10 ಮೀಟರ್, ಅದರ ಬೆಲೆ 1,200 ರೂ.; ಅದರೊಂದಿಗೆ ಒಬ್ಬ ದರ್ಜಿಯ ಒಂದೆರಡು ದಿನದ ಮಜೂರಿ. ಇದನ್ನು ಮೇಲಿನ 15,000 ರೂ.ಗಳ ಪಕ್ಕದಲ್ಲಿಟ್ಟು ನೋಡಿದವರು ಪ್ರಯೋಗದ ಬಟ್ಟೆಯನ್ನು ನಷ್ಟದ ಖಾತೆಗೆ ಬರೆಯಲಾರರು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಮಾತು ಬೇಸಾಯಕ್ಕೆ ಎಷ್ಟು ಸಲ್ಲುತ್ತದೆಯೋ ಹೊಲಿಗೆಯ ಉದ್ಯಮಕ್ಕೂ ಅಷ್ಟೇ ಸಲ್ಲುತ್ತದೆ.

ಶಾಖದ ಬಾಬ್ತಿನಲ್ಲಿ ವಿದ್ಯುತ್ತು, ಹಬೆ, ಅಚ್ಚಿನ ಕಾಗದ, ಹೊರಗೆ ಮಾಡಿಸುವುದಾದರೆ ಜಾಬ್‌ವರ್ಕಿನ ದರ ಹಾಗೂ ಸಾಗಣೆ ಸೇರುತ್ತವೆ. ನಿಮಿಷದ ಬಾಬ್ತು ಹೆಚ್ಚಾಗಿ ಮರೆತುಹೋಗುವಂಥದು. ಸಾದಾ ಸ್ಕರ್ಟಿಗೆ 12 ನಿಮಿಷ, ನೆರಿಗೆಯ ಸ್ಕರ್ಟಿಗೆ 18 ನಿಮಿಷ ತಗಲುವುದೆಂದೂ ಘಟಕದ ಒಟ್ಟು ಖರ್ಚು ನಿಮಿಷಕ್ಕೆ 3 ರೂ. ಎಂದೂ ಭಾವಿಸಿದರೆ ಸ್ಕರ್ಟೊಂದಕ್ಕೆ 18 ರೂ. ಹೆಚ್ಚುವರಿ ಖರ್ಚು ಬೀಳುತ್ತದೆ. ಎಂಟು ಗಂಟೆಗಳಲ್ಲಿ 40 ಸ್ಕರ್ಟು ಮುಗಿಸುತ್ತಿದ್ದ ಕೈ 26ಕ್ಕೆ ಇಳಿಯುತ್ತದೆ. ಹೊಲಿಗೆಯವರಿಗೆ ಉಡುಪಿನ ಲೆಕ್ಕದಲ್ಲಿ ಮಜೂರಿ ಕೊಡುವ ಘಟಕವು ಎರಡಕ್ಕೂ ಒಂದೇ ದರ ಇಟ್ಟರೆ, ಹೊಸ ವಿನ್ಯಾಸದ ಭಾರವನ್ನೆಲ್ಲ ಕೆಲಸಗಾರ್ತಿಯ ದಿನಗೂಲಿಯ ಮೇಲೆ ಹೇರಿದಂತಾಗುತ್ತದೆ. ಆಗ ಆಕೆ ನೆರಿಗೆಯನ್ನು ಅವಸರದಲ್ಲಿ ಮಡಿಸುತ್ತಾಳೆ, ಇಲ್ಲವೇ ಬೇರೆ ಘಟಕ ಹುಡುಕಿಕೊಳ್ಳುತ್ತಾಳೆ. ಎರಡರಲ್ಲೂ ನಷ್ಟ ಮಾಲೀಕರದೇ. ಆ ಕೌಶಲಕ್ಕೆ ಸಲ್ಲಬೇಕಾದ ಮಜೂರಿಯನ್ನು ಸೇರಿಸಿದ ಮೇಲೂ ಲಾಭ ಉಳಿಯುವುದಾದರೆ ಮಾತ್ರ ಆ ವಿನ್ಯಾಸ ಮಾಡತಕ್ಕದ್ದು.

ವೆನಿಸ್ ಹಾಗೂ ಟೋಕಿಯೊ ಕಲಿಸುವ ಪಾಠ

ನೆರಿಗೆಯಿಂದಲೇ ಹೆಸರು ಮಾಡಿದ ಇಬ್ಬರ ಕಥೆಗಳು ಇಲ್ಲಿ ಉಲ್ಲೇಖನೀಯ. ವೆನಿಸ್ ನಗರದಲ್ಲಿ ನೆಲೆಸಿದ್ದ ಸ್ಪೇನ್ ಮೂಲದ ಮರಿಯಾನೊ ಫೋರ್ಚುನಿ 1907ರ ಸುಮಾರಿಗೆ ಡೆಲ್ಫೋಸ್ ಎಂಬ ರೇಷ್ಮೆಯ ಉಡುಪನ್ನು ರೂಪಿಸಿದರು. ನೂರಾರು ಸಣ್ಣ ನೆರಿಗೆಗಳ ಆ ಉಡುಪನ್ನು ಹಗ್ಗದಂತೆ ಹುರಿಮಾಡಿ, ಸುತ್ತಿ, ಪುಟ್ಟ ಪೆಟ್ಟಿಗೆಯಲ್ಲಿ ಇಟ್ಟುಕೊಡುತ್ತಿದ್ದರು. 1909ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಪೇಟೆಂಟನ್ನೂ ಪಡೆದರು. ಆದರೂ ಆ ನೆರಿಗೆಯನ್ನು ನಿಖರವಾಗಿ ಹೇಗೆ ಕೂರಿಸುತ್ತಿದ್ದರೆಂಬುದು ಇಂದಿಗೂ ಪೂರ್ಣವಾಗಿ ತಿಳಿದಿಲ್ಲ. ನೀರು ತಗುಲಿ ನೆರಿಗೆ ಸಡಿಲಿದರೆ ಉಡುಪನ್ನು ಮರಳಿ ಅವರ ಕಾರ್ಯಾಗಾರಕ್ಕೇ ಕಳುಹಿಸಬೇಕಾಗುತ್ತಿತ್ತು. 1949ರಲ್ಲಿ ಫೋರ್ಚುನಿ ತೀರಿಕೊಂಡರು. ಅವರೊಂದಿಗೆ ಆ ವಿದ್ಯೆಯ ಬಹುಭಾಗವೂ ಮರೆಯಾಯಿತು.

ಜಪಾನಿನ ಇಸ್ಸೆ ಮಿಯಾಕೆ 1988ರಲ್ಲಿ ನೆರಿಗೆಯ ಪ್ರಯೋಗಕ್ಕೆ ಕೈಹಾಕಿದರು. ನೆರಿಗೆ ಹಾಕಿದ ಬಟ್ಟೆಯನ್ನು ಕತ್ತರಿಸಿ ಉಡುಪು ಹೊಲಿಯುವುದು ಅದುವರೆಗಿನ ರೂಢಿ. ಮಿಯಾಕೆ ಆ ಕ್ರಮವನ್ನು ತಿರುಗಿಸಿದರು. ಬೇಕಾದ ಅಳತೆಗಿಂತ ಎರಡೂವರೆಯಿಂದ ಮೂರು ಪಟ್ಟು ದೊಡ್ಡದಾಗಿ ಪಾಲಿಯೆಸ್ಟರ್ ಉಡುಪನ್ನು ಮೊದಲು ಹೊಲಿದು, ಆಮೇಲೆ ಕಾಗದಗಳ ನಡುವೆ ಇಟ್ಟು ಶಾಖದ ಯಂತ್ರದೊಳಗೆ ಹಾಯಿಸಿದರು. 1991ರಲ್ಲಿ ಫ್ರಾಂಕ್‌ಫರ್ಟ್ ಬ್ಯಾಲೆಯ ನರ್ತಕರು ಇಂಥ ಉಡುಪು ತೊಟ್ಟು ಕುಣಿದಾಗ ಅದು ದೇಹದ ಚಲನೆಗೆ ಒಗ್ಗುತ್ತದೆಂಬುದೂ ಖಚಿತವಾಯಿತು. 1993ರಲ್ಲಿ ಪ್ಲೀಟ್ಸ್ ಪ್ಲೀಸ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂದಿತು. ಮನೆಯಲ್ಲಿ ಒಗೆಯಬಹುದಾದ, ಇಸ್ತ್ರಿ ಬೇಡದ, ಸುರುಳಿ ಸುತ್ತಿ ಪೆಟ್ಟಿಗೆಯಲ್ಲಿಡಬಹುದಾದ ಉಡುಪು ಅದು. ಮಿಯಾಕೆ 2022ರಲ್ಲಿ ನಿಧನರಾದ ನಂತರವೂ ಅದರ ತಯಾರಿಕೆ ನಿಲ್ಲಲಿಲ್ಲ.

ಇಬ್ಬರೂ ಪ್ರತಿಭಾವಂತರೇ. ಒಬ್ಬರ ವಿದ್ಯೆ ಗುಟ್ಟಾಗಿ ಉಳಿಯಿತು, ಇನ್ನೊಬ್ಬರದು ಪ್ರಕ್ರಿಯೆಯಾಗಿ ಬೆಳೆಯಿತು. ಪ್ರಯೋಗ ಆರಂಭವಾದದ್ದಕ್ಕೂ ಸರಕು ಮಾರುಕಟ್ಟೆಗೆ ಬಂದದ್ದಕ್ಕೂ ನಡುವೆ ಐದು ವರ್ಷಗಳು ಕಳೆದವೆಂಬುದನ್ನೂ ಗಮನಿಸಬೇಕು. ಸಣ್ಣ ಘಟಕಗಳಿಗೆ ಐದು ವರ್ಷ ಕಾಯುವ ಶಕ್ತಿಯಿಲ್ಲ, ನಿಜ. ಆದರೆ ಹಂಗಾಮು ಮುಗಿದು ಯಂತ್ರಗಳು ಬಿಡುವಾಗಿರುವ ವಾರಗಳಲ್ಲಿ ಹತ್ತಾರು ನಮೂನೆ ಮಾಡಿ ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಪ್ರತಿಯೊಂದು ನಮೂನೆಗೂ ಒಂದು ಚೀಟಿ ಲಗತ್ತಿಸಿ ಬಟ್ಟೆಯ ಹೆಸರು, ಮಿಶ್ರಣ, ಮಡಿಕೆಯ ಅಳತೆ, ಶಾಖ, ಹಿಡಿದ ಹೊತ್ತು, ಐದು ಒಗೆತಗಳ ನಂತರದ ಸ್ಥಿತಿ ಇಷ್ಟನ್ನು ಬರೆದಿಟ್ಟರೆ ಎರಡು ವರ್ಷಗಳಲ್ಲಿ ಆ ಘಟಕಕ್ಕೆ ಬೇರಾರ ಬಳಿಯೂ ಇಲ್ಲದ ಒಂದು ಪುಸ್ತಕ ಸಿದ್ಧವಾಗುತ್ತದೆ. ಕೆಟ್ಟುಹೋದ ನಮೂನೆಗಳಿಗೂ ಅದರಲ್ಲಿ ಜಾಗವಿರಬೇಕು. ಅದೇ ತಪ್ಪಿಗೆ ಎರಡನೆಯ ಸಲ ಹಣ ತೆರುವುದು ಅದರಿಂದ ತಪ್ಪುತ್ತದೆ.

ಕಾನೂನು ಹಾಗೂ ತೆರಿಗೆಯ ಎಚ್ಚರ

ಹೊಸ ವಿನ್ಯಾಸ ಕಣ್ಣಿಗೆ ಬಿದ್ದ ತಿಂಗಳಲ್ಲೇ ಅದರ ನಕಲು ಬೀದಿಗೆ ಬರುತ್ತದೆ, ಹಾಗಿರುವಾಗ ಪ್ರಯೋಗವೇಕೆ ಎಂಬ ಆಕ್ಷೇಪ ಸಾಮಾನ್ಯ. ಅದರಲ್ಲಿ ಹುರುಳಿಲ್ಲದಿಲ್ಲ. ಆದರೆ 2000ದ ವಿನ್ಯಾಸಗಳ ಅಧಿನಿಯಮದಡಿ ಹೊಸದಾದ, ಮೂಲಸ್ವರೂಪದ ನೋಟವನ್ನು ನೋಂದಾಯಿಸಿದರೆ 10 ವರ್ಷಗಳ ರಕ್ಷಣೆ ದೊರೆಯುತ್ತದೆ. ಅದನ್ನು ಇನ್ನೂ 5 ವರ್ಷ ವಿಸ್ತರಿಸಬಹುದು. ಈ ನೋಂದಣಿ ಕಾಪಾಡುವುದು ಕಣ್ಣಿಗೆ ಕಾಣುವ ರೂಪವನ್ನೇ ಹೊರತು ತಯಾರಿಸುವ ವಿಧಾನವನ್ನಲ್ಲ. ಅರ್ಜಿ ಸಲ್ಲಿಸುವ ಮೊದಲೇ ವಿನ್ಯಾಸ ಬಹಿರಂಗವಾದರೆ ಹಕ್ಕಿಗೆ ಧಕ್ಕೆ ಬರುತ್ತದೆ. ನೋಂದಾಯಿಸಬಹುದಾದ ವಿನ್ಯಾಸವನ್ನು ನೋಂದಾಯಿಸದೆ ಕೈಗಾರಿಕಾ ಕ್ರಮದಲ್ಲಿ 50ಕ್ಕೂ ಹೆಚ್ಚು ಸಲ ತಯಾರಿಸಿದರೆ ಅದರ ಮೇಲಿನ ಕೃತಿಸ್ವಾಮ್ಯವೂ ನಿಲ್ಲುವುದಿಲ್ಲವೆಂದು ಕೃತಿಸ್ವಾಮ್ಯ ಅಧಿನಿಯಮದ 15ನೆಯ ಪ್ರಕರಣ ಹೇಳುತ್ತದೆ. ಆದುದರಿಂದ ನಿಜವಾಗಿ ಹೊಸದೆನಿಸಿದ ವಿನ್ಯಾಸದ ಅರ್ಜಿಯನ್ನು ಮೊದಲು ಸಲ್ಲಿಸಿ, ಆಮೇಲೆ ಅದನ್ನು ಪ್ರದರ್ಶನ ಮಳಿಗೆಗೆ ತರುವುದು ವಿವೇಕ.

ತೆರಿಗೆಯ ಗೆರೆಯೂ ನೆನಪಿರಬೇಕು. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ 2,500 ರೂ.ವರೆಗಿನ ಉಡುಪಿಗೆ ಶೇ. 5, ಅದನ್ನು ಮೀರಿದರೆ ಶೇ. 18 ಜಿಎಸ್‌ಟಿ ಬೀಳುತ್ತದೆ. 2,500 ರೂ. ಬೆಲೆಯ ಉಡುಪು ಗಿರಾಕಿಯ ಕೈಸೇರುವುದು 2,625 ರೂ.ಗೆ, 2,600 ರೂ. ಬೆಲೆ ಇಟ್ಟದ್ದು 3,068 ರೂ.ಗೆ. ನೆರಿಗೆಯ ಹೆಸರಿನಲ್ಲಿ ತಯಾರಕರು ಸೇರಿಸಿದ ನೂರು ರೂಪಾಯಿ ಗಿರಾಕಿಗೆ 443 ರೂ.ಗಳ ಹೊರೆಯಾಗುತ್ತದೆ. ಈ ಗೆರೆಯ ಸಮೀಪದ ಉಡುಪುಗಳಲ್ಲಿ ಮಡಿಕೆಯ ಆಳವನ್ನು ನಿರ್ಧರಿಸುವಾಗ ಕಟಿಂಗ್ ಮಾಸ್ಟರರ ಜೊತೆಗೆ ಲೆಕ್ಕಿಗರೂ ಕುಳಿತುಕೊಳ್ಳುವುದು ಒಳಿತು.

ವ್ಯಾಪಾರಿಗಳ ಹೊಣೆ, ಸಂಘಗಳ ಪಾತ್ರ

ಇದು ತಯಾರಕರಿಂದ ಮಾತ್ರ ಆಗುವ ಕೆಲಸವಲ್ಲ. ಮೊದಲ ಒಗೆತಕ್ಕೇ ನೆರಿಗೆ ಅಳಿದುಹೋದ ಉಡುಪನ್ನು ಗಿರಾಕಿ ಹಿಡಿದು ತರುವುದು ಅಂಗಡಿಗೇ ಹೊರತು ಘಟಕಕ್ಕಲ್ಲ. ಹೆಸರು ಕೆಡುವುದೂ ಅಂಗಡಿಯದೇ. ಆದುದರಿಂದ ಸಗಟು ಹಾಗೂ ಚಿಲ್ಲರೆ ವರ್ತಕರು ಆರ್ಡರು ಕೊಡುವ ಮುನ್ನ ಒಗೆದ ನಮೂನೆಯನ್ನು ಕೇಳಿ ಪಡೆಯುವ ರೂಢಿ ಬೆಳೆಸಿಕೊಳ್ಳಬೇಕು. ಒಗೆಯುವ ಕ್ರಮವನ್ನು ಕನ್ನಡದಲ್ಲಿಯೂ ಮುದ್ರಿಸಿದ ಚೀಟಿ ಉಡುಪಿನಲ್ಲಿರಬೇಕೆಂದು ಒತ್ತಾಯಿಸಬೇಕು. ಇಷ್ಟು ಕೇಳಿದ ಮೇಲೆ ಸಾದಾ ಉಡುಪಿನ ದರದಲ್ಲೇ ನೆರಿಗೆಯ ಉಡುಪು ಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ.

ಹಬೆಯ ಕೋಣೆ, ನೆರಿಗೆಯ ಯಂತ್ರಗಳನ್ನು ಪ್ರತಿಯೊಂದು ಘಟಕವೂ ಕೊಳ್ಳಬೇಕಾಗಿಲ್ಲ. ಕೇಂದ್ರ ಸರ್ಕಾರದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಸಾಮಾನ್ಯ ಸೌಲಭ್ಯ ಕೇಂದ್ರಗಳಿಗೆ ನೆರವು ದೊರೆಯುವ ಅವಕಾಶವಿದೆ. ಹತ್ತಾರು ಘಟಕಗಳು ಕೂಡಿ ಒಂದು ನೆರಿಗೆ ಘಟಕವನ್ನೂ ಅದರ ಪಕ್ಕದಲ್ಲಿ ಒಂದು ಪ್ರಯೋಗದ ಕೋಣೆಯನ್ನೂ ನಡೆಸಿದರೆ ಖರ್ಚು ಹಂಚಿಹೋಗುತ್ತದೆ. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಂಥ ಕಡೆ ಕಲಿಯುತ್ತಿರುವ ವಿದ್ಯಾರ್ಥಿಗಳನ್ನು ಬಿಡುವಿನ ದಿನಗಳಲ್ಲಿ ಇಂಥ ಕೋಣೆಗೆ ಕರೆತಂದರೆ ಇಬ್ಬರಿಗೂ ಪ್ರಯೋಜನ: ಅವರಿಗೆ ಉತ್ಪಾದನೆಯ ಕಷ್ಟಸುಖ ತಿಳಿಯುತ್ತದೆ, ಘಟಕಗಳಿಗೆ ಹೊಸ ಕಣ್ಣು ದೊರೆಯುತ್ತದೆ. ಭರತನಾಟ್ಯದ ಉಡುಪು ಹೊಲಿಯುವ ಹಿರಿಯ ದರ್ಜಿಗಳನ್ನೂ ಕೌದಿ ಹೊಲಿಯುವ ಮಹಿಳೆಯರನ್ನೂ ಅದೇ ಕೋಣೆಯಲ್ಲಿ ಗೌರವಧನ ಕೊಟ್ಟು ಕೂರಿಸಿದರೆ, ಯಾವ ಪಠ್ಯಪುಸ್ತಕದಲ್ಲೂ ದೊರೆಯದ ಪಾಠ ಸಿಗುತ್ತದೆ.

ಎಲ್ಲ ಉಡುಪಿಗೂ ನೆರಿಗೆ ಬೇಕಿಲ್ಲ; ಎಲ್ಲ ಘಟಕಕ್ಕೂ ಅದು ಒಗ್ಗುವುದೂ ಇಲ್ಲ. ಮೂರು ಪಟ್ಟು ಬಟ್ಟೆ ಕೊಳ್ಳಲು ಕೈಯಲ್ಲಿ ಹಣವಿಲ್ಲದವರು ಒಂದೆರಡು ಟಕ್‌ಗಳಿಂದ ಆರಂಭಿಸಿದರೂ ಸಾಕು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಈ ವ್ಯಾಪಾರಕ್ಕೂ ಒಪ್ಪುವ ಮಾತೇ. ಆದರೆ ಕಾಲನ್ನೇ ಚಾಚದೆ ಕುಳಿತರೆ ಮುಂದಿನ ವರ್ಷವೂ ದರಪಟ್ಟಿಯಲ್ಲಿ ಒಂದು ರೂಪಾಯಿ ಕಡಿಮೆ ಬರೆಯುವುದಲ್ಲದೆ ಬೇರೆ ಉಪಾಯ ಉಳಿಯದು. ಪ್ರತಿ ಹಂಗಾಮಿನ ಖರೀದಿಯಲ್ಲಿ ಒಂದು ಥಾನನ್ನು ಪ್ರಯೋಗಕ್ಕೆಂದೇ ಬೇರೆ ಇಡುವ ಘಟಕವು ಮರುವರ್ಷ ಖರೀದಿದಾರರ ಮುಂದೆ ದರಪಟ್ಟಿಯೊಂದನ್ನೇ ಹಿಡಿದು ನಿಲ್ಲಬೇಕಾಗುವುದಿಲ್ಲ. ಒಗೆದು, ಅಳೆದು, ಲೆಕ್ಕ ಬರೆದ ನಮೂನೆಗಳೂ ಅದರ ಕೈಯಲ್ಲಿರುತ್ತವೆ.